ತಿಪ್ಪೆ ಕೋಳಿಯ ಸ್ವರಾಜ್ಯ: ಐಸ್‌ಲ್ಯಾಂಡ್ ಕಲಿತ ಪಾಠ

'ಸುಧಾರಣೆ' ಎಂಬ ಪದದಷ್ಟು ಹಳ್ಳಿಯ ಬದುಕನ್ನು ಹಾಳುಗೆಡವಿದ ಪದ ಇನ್ನೊಂದಿರಲಾರದು. ಸುಧಾರಿತ ಬೀಜ ಬಂದು ಮನೆಯ ಕಣಜದ ಬೀಜ ಮಾಯವಾಯಿತು. ಸುಧಾರಿತ ಹಸು ಬಂದು ಮಲೆನಾಡು ಗಿಡ್ಡ 'ಕೆಲಸಕ್ಕೆ ಬಾರದ ದನ' ಎನಿಸಿಕೊಂಡಿತು. ಸುಧಾರಿತ ಕೋಳಿಯದೂ ಇದೇ ಕಥೆ. ಆದರೆ ಕೋಳಿ ತೀರ ಸಣ್ಣ ಜೀವ. ಅದು ಅಂಗಳದಿಂದ ಕಣ್ಮರೆಯಾದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಅದಕ್ಕಾಗಿ ಸಭೆ ಸೇರುವುದಿಲ್ಲ, ಮನವಿ ಬರೆಯುವುದಿಲ್ಲ. ಹೀಗೆ ಸದ್ದಿಲ್ಲದೆ ಕಳೆದುಹೋಗುತ್ತಿದ್ದ ತನ್ನ ಕೋಳಿಯನ್ನು ಕೊನೆಯ ಗಳಿಗೆಯಲ್ಲಿ ಗುರುತಿಸಿ ಉಳಿಸಿಕೊಂಡ ನಾಡೊಂದಿದೆ. ಅದು ಭೂಮಿಯ ಉತ್ತರ ತುದಿಗೆ ಸಮೀಪದಲ್ಲಿರುವ ದ್ವೀಪ, ಐಸ್‌ಲ್ಯಾಂಡ್.

ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ಕಡೆಯಿಂದ ಹಡಗುಗಳಲ್ಲಿ ಬಂದ ಜನ ಆ ದ್ವೀಪದಲ್ಲಿ ನೆಲೆಯೂರಿದರು. ಕುದುರೆ, ದನ, ಕುರಿಗಳೊಂದಿಗೆ ಕೋಳಿಯನ್ನೂ ಅವರು ತಂದರೆಂಬುದು ಅಲ್ಲಿಯ ಪರಂಪರೆಯ ತಿಳಿವಳಿಕೆ. ಆದ್ದರಿಂದಲೇ ಅದಕ್ಕೆ ಇಂದು 'ಲ್ಯಾಂಡ್‌ನಾಮ್ಸ್ ಹೈನಾ', ಅಂದರೆ ನೆಲೆಯೂರಿದವರ ಕೋಳಿ ಎಂಬ ಗೌರವದ ಹೆಸರಿದೆ. ಆದರೆ ಅದಕ್ಕೆ ಇನ್ನೊಂದು ಹಳೆಯ ಹೆಸರೂ ಉಂಟು. ಅದರ ಅರ್ಥ 'ತಿಪ್ಪೆ ಕೋಳಿ'. ಗೊಬ್ಬರದ ರಾಶಿಯನ್ನು ಕೆದಕಿ ಹುಳು, ಕಾಳು ಹೆಕ್ಕಿ ತನ್ನ ಹೊಟ್ಟೆಯನ್ನು ತಾನೇ ಹೊರೆಯುವ ಹಕ್ಕಿ ಎಂಬುದು ಇದರ ಭಾವ. ತಿಪ್ಪೆಯಿಂದ ನೆಲೆಯೂರಿದವರ ಸಾಲಿಗೆ ಆ ಕೋಳಿ ಏರಿದ ಕಥೆಯನ್ನು ಮಲೆನಾಡಿನ ರೈತರೂ ವಿದ್ಯಾರ್ಥಿಗಳೂ ತಿಳಿಯಬೇಕು.

ಆ ಕೋಳಿ ನೋಡಲು ಒಂದೇ ಅಚ್ಚಿನದಲ್ಲ. ಕಪ್ಪು, ಬಿಳಿ, ಕೆಂಪು, ಬೂದು, ಚುಕ್ಕೆ, ಪಟ್ಟೆ ಎಲ್ಲ ಬಣ್ಣಗಳೂ ಅದರಲ್ಲಿವೆ. ಕೆಲವಕ್ಕೆ ತಲೆಯ ಮೇಲೆ ಗರಿಯ ತುರಾಯಿ, ಕೆಲವಕ್ಕೆ ಇಲ್ಲ. ಕೆಂಪು ಜುಟ್ಟಿನ ಆಕಾರವೂ ಹಕ್ಕಿಯಿಂದ ಹಕ್ಕಿಗೆ ಬೇರೆ. ಹೇಂಟೆ ಒಂದೂವರೆ ಕಿಲೋದ ಆಸುಪಾಸು, ಹುಂಜ ಎರಡು ಕಿಲೋಗೆ ತುಸು ಹೆಚ್ಚು ತೂಗುತ್ತದೆ. ಡಿಸೆಂಬರಿನಲ್ಲಿ ಅಲ್ಲಿಯ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹಗಲೆಂದರೆ ನಾಲ್ಕು ಗಂಟೆ ಮಾತ್ರ. ಅಂಥ ಚಳಿಗಾಲದಲ್ಲೂ ತಕ್ಕಮಟ್ಟಿಗೆ ಮೊಟ್ಟೆ ಕೊಡುವ, ತಾನೇ ಕಾವಿಗೆ ಕೂರುವ, ಮರಿಗಳನ್ನು ತಾನೇ ಸಾಕುವ ಗುಣ ಅದರದು. ಯಾವ ಪ್ರಯೋಗಶಾಲೆಯೂ ಈ ಗುಣಗಳನ್ನು ಕೂರಿಸಿ ಕೊಟ್ಟದ್ದಲ್ಲ. ಸಾವಿರ ವರ್ಷಗಳ ಹಿಮ, ಹಸಿವು ಮತ್ತು ಜ್ವಾಲಾಮುಖಿಗಳು ಸೋಸಿ ಉಳಿಸಿದ್ದು. 1783-84ರ ಲಾಕಿ ಜ್ವಾಲಾಮುಖಿಯ ಉತ್ಪಾತದಲ್ಲಿ ಆ ದ್ವೀಪದ ಜನಸಂಖ್ಯೆಯ ಐದನೆಯ ಒಂದು ಭಾಗ ನಾಶವಾಯಿತು. ದನಗಳಲ್ಲಿ ಅರ್ಧದಷ್ಟು, ಕುರಿಗಳಲ್ಲಿ ಬಹುಪಾಲು ಸತ್ತವು. ಅಂಥ ನೆಲದಲ್ಲಿ ಉಳಿದುಬಂದ ಕೋಳಿಯನ್ನು 'ಇಳುವರಿ ಕಡಿಮೆ' ಎಂಬ ಒಂದೇ ಮಾತಿನಿಂದ ಅಳೆಯುವುದು ಅಜ್ಞಾನವಲ್ಲದೆ ಮತ್ತೇನು?

ಅಳೆದರು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಬಿಳಿ ಲೆಗ್‌ಹಾರ್ನ್ ಮೊದಲಾದ ಹೊರಗಿನ ತಳಿಗಳು ಐಸ್‌ಲ್ಯಾಂಡಿನ ಹಟ್ಟಿಗಳನ್ನು ಹೊಕ್ಕವು. ಹೆಚ್ಚು ಮೊಟ್ಟೆ, ದೊಡ್ಡ ಮೊಟ್ಟೆ, ಬಿಳಿ ಮೊಟ್ಟೆ! ಊರ ಕೋಳಿ ಕೆಲವೇ ದಶಕಗಳಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ಎಲ್ಲೋ ಮೂಲೆಯ ಕೆಲವು ತೋಟದ ಮನೆಗಳಲ್ಲಿ, ಹಟ ಬಿಡದ ಕೆಲವರ ಅಂಗಳಗಳಲ್ಲಿ ಮಾತ್ರ ಅದು ಉಳಿಯಿತು.

ವಿಷಾದದ ಸಂಗತಿ ಏನೆಂದರೆ, ಸುಧಾರಣೆಯ ಹೆಸರಿನಲ್ಲಿ ಹೊರಗಿನ ಪ್ರಾಣಿಯನ್ನು ತರುವುದರ ಬೆಲೆ ಏನೆಂದು ಅದೇ ನಾಡು ಅದಕ್ಕೆ ಸ್ವಲ್ಪ ಮೊದಲೇ ಕಂಡಿತ್ತು. 1933ರಲ್ಲಿ ಜರ್ಮನಿಯಿಂದ 20 ಕಾರಾಕುಲ್ ಕುರಿಗಳನ್ನು ತರಲಾಯಿತು. ನೋಡಲು ಅವು ಆರೋಗ್ಯವಾಗಿದ್ದವು. ಆದರೆ ಅವುಗಳ ಮೈಯಲ್ಲಿ ನಿಧಾನವಾಗಿ ಕೊಲ್ಲುವ ಶ್ವಾಸಕೋಶದ ಹಾಗೂ ನರಗಳ ರೋಗಗಳು ಅಡಗಿದ್ದವು. ಶತಮಾನಗಳ ಕಾಲ ಪ್ರತ್ಯೇಕವಾಗಿ ಬೆಳೆದ ಊರ ಕುರಿಗಳಿಗೆ ಆ ರೋಗಗಳನ್ನು ತಡೆಯುವ ಶಕ್ತಿಯೇ ಇರಲಿಲ್ಲ. ಕೊನೆಗೆ ರೋಗವನ್ನು ಬೇರುಸಹಿತ ಕೀಳಲು ಆರು ಲಕ್ಷಕ್ಕೂ ಹೆಚ್ಚು ಕುರಿಗಳನ್ನು ಕೊಲ್ಲಬೇಕಾಯಿತು. 1965ರ ವೇಳೆಗಷ್ಟೇ ಆ ಪಿಡುಗು ತೊಲಗಿತು. ಇಪ್ಪತ್ತು ಕುರಿಗಳ ಸುಧಾರಣೆಗೆ ತೆತ್ತ ಬೆಲೆ ಇದು. ಇಂದಿಗೂ ಐಸ್‌ಲ್ಯಾಂಡಿನ ಕುದುರೆ ಒಮ್ಮೆ ದೇಶ ಬಿಟ್ಟು ಹೋದರೆ ಮರಳಿ ಒಳಗೆ ಬರುವಂತಿಲ್ಲ. ಸುಟ್ಟುಕೊಂಡ ಕೈಗೆ ಬೆಂಕಿಯ ಅರಿವು ಇರುತ್ತದೆ.

1970ರ ದಶಕದಲ್ಲಿ ಸ್ಟೆಫಾನ್ ಅಡಾಲ್‌ಸ್ಟೈನ್‌ಸನ್ ಎಂಬ ತಳಿವಿಜ್ಞಾನಿ ಮೂಲೆಮೂಲೆಯ ಹಳ್ಳಿಗಳಲ್ಲಿ ಅಳಿದುಳಿದಿದ್ದ ಕೋಳಿಗಳನ್ನು ಕಲೆಹಾಕಿ ಸಂರಕ್ಷಣೆಗೆ ನಾಂದಿ ಹಾಡಿದರು. ಅವರ ಕೈಗೆ ಸಿಕ್ಕಿದ ಹಕ್ಕಿಗಳೇ ಇಂದಿನ ಸಂತತಿಗೆ ಮೂಲ. 2003ರಲ್ಲಿ ಸಾಕಣೆದಾರರೇ ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಈ ಹಕ್ಕಿಯನ್ನು ಉಳಿಸಿದ್ದು ವಿಜ್ಞಾನಿಯೊಬ್ಬನ ಕಾಳಜಿ ಮಾತ್ರವಲ್ಲ. ಐವತ್ತು ಮನೆ ಲೆಗ್‌ಹಾರ್ನ್ ತಂದಾಗ ತರದೇ ಉಳಿದ ಐವತ್ತೊಂದನೆಯ ಮನೆ. ಆ ಮನೆ ಇಲ್ಲದಿದ್ದರೆ ವಿಜ್ಞಾನಿ ಏನನ್ನು ಕಲೆಹಾಕಬೇಕಿತ್ತು?

ಕಾವು ಯಾರ ಕೈಯಲ್ಲಿ?

ಈ ವಾದದ ತಿರುಳು ಮೊಟ್ಟೆಯ ಎಣಿಕೆಯಲ್ಲಿಲ್ಲ, ಕಾವಿನಲ್ಲಿದೆ. ಕೋಳಿ ಕಾವಿಗೆ ಕುಳಿತ ದಿನಗಳಲ್ಲಿ ಮೊಟ್ಟೆ ಇಡುವುದಿಲ್ಲ. ಹೀಗಾಗಿ ಕಾರ್ಖಾನೆಯ ಕಣ್ಣಿಗೆ ಕಾವು ಒಂದು ದೋಷ. ಲೆಗ್‌ಹಾರ್ನಿನಂಥ ಮೊಟ್ಟೆ ತಳಿಗಳಿಂದ ಆ ಗುಣವನ್ನು ಆರಿಸಿ ಆರಿಸಿ ಹೊರಹಾಕಲಾಯಿತು. ಇದರ ಪರಿಣಾಮವೇನು? ತಾಯ್ತನ ಮರೆತ ಹೇಂಟೆಯ ಒಡೆಯ ಪ್ರತಿ ಬಾರಿಯೂ ಮರಿಗಾಗಿ ಹ್ಯಾಚರಿಯ ಬಾಗಿಲಿಗೆ ಹೋಗಬೇಕು. ಅವನೇ ಮರಿ ಮಾಡಿಸಿದರೂ ಮಿಶ್ರತಳಿಯ ಗುಣ ಮುಂದಿನ ತಲೆಮಾರಿನಲ್ಲಿ ಚದುರಿಹೋಗುತ್ತದೆ. ಹೈಬ್ರಿಡ್ ಬೀಜದ ಜಾಣತನವೇ ಇಲ್ಲಿಯೂ ಕೆಲಸ ಮಾಡಿದೆ. ಇಂದು ಜಗತ್ತಿನ ಫಾರಂ ಕೋಳಿಗಳ ಮೂಲ ತಳಿಗಳು ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿವೆ. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಹುಟ್ಟಿದ ಗಂಡುಮರಿಗಳನ್ನು ಮೊದಲ ದಿನವೇ ಕೊಲ್ಲುವುದು ಜಗತ್ತಿನೆಲ್ಲೆಡೆಯ ವಾಡಿಕೆ. ಜರ್ಮನಿ 2022ರಿಂದ ಅದನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಹಿತ್ತಲಿನ ತಿಪ್ಪೆ ಕೋಳಿಯ ಲೋಕದಲ್ಲಿ ಗಂಡುಮರಿಯೂ ವ್ಯರ್ಥವಲ್ಲ. ಅದು ನಾಳೆಯ ಹುಂಜ ಅಥವಾ ಹಬ್ಬದ ಊಟ.

ಇಪ್ಪತ್ತೊಂದು ದಿನ ಬುಟ್ಟಿಯಲ್ಲಿ ಕುಳಿತು ಎಂಟು-ಹತ್ತು ಮರಿಗಳನ್ನು ಎಬ್ಬಿಸಿ ಹೊರಡುವ ಹೇಂಟೆ ವಿದ್ಯುತ್ತನ್ನು ಕೇಳುವುದಿಲ್ಲ, ಸಾಲವನ್ನು ಕೇಳುವುದಿಲ್ಲ, ಕಂಪನಿಯನ್ನಂತೂ ಕೇಳುವುದೇ ಇಲ್ಲ. ಗಾಂಧೀಜಿ ಚರಕದಲ್ಲಿ ಕಂಡ ಸ್ವಾವಲಂಬನೆ ಆ ಬುಟ್ಟಿಯಲ್ಲಿಯೂ ಇದೆ.

ಸಣ್ಣ ಹಿಂಡಿನ ದೊಡ್ಡ ಲೆಕ್ಕ

ಆದರೆ ಪ್ರೀತಿ ಒಂದರಿಂದಲೇ ತಳಿ ಉಳಿಯುವುದಿಲ್ಲ. ಐಸ್‌ಲ್ಯಾಂಡ್ ಕೋಳಿಯನ್ನು ಹಿತ್ತಲಲ್ಲಿ ಸಾಕುವವರು ಎರಡು ಕಟ್ಟುನಿಟ್ಟುಗಳನ್ನು ಪಾಲಿಸುತ್ತಾರೆ. ಬೇರೆ ತಳಿಯ ಹುಂಜವನ್ನು ಹಿಂಡಿಗೆ ಸೇರಿಸುವುದಿಲ್ಲ; ಒಂದೇ ಬಣ್ಣ, ಒಂದೇ ಚೆಲುವಿಗಾಗಿ ಆರಿಸುವುದೂ ಇಲ್ಲ. ವೈವಿಧ್ಯವೇ ಆ ತಳಿಯ ಲಕ್ಷಣ. ಒಂದೇ ಬಣ್ಣಕ್ಕೆ ಇಳಿಸಿದರೆ ಉಳಿಸುವ ಹೆಸರಿನಲ್ಲಿಯೇ ಅದನ್ನು ಕೊಂದಂತೆ.

ಇದರ ಹಿಂದೆ ಸರಳ ಗಣಿತವಿದೆ. ವಿದ್ಯಾರ್ಥಿಗಳು ಮಾಡಿ ನೋಡಬಹುದು. ಹುಂಜಗಳ ಸಂಖ್ಯೆಯನ್ನೂ ಹೇಂಟೆಗಳ ಸಂಖ್ಯೆಯನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಎರಡರ ಒಟ್ಟು ಮೊತ್ತದಿಂದ ಭಾಗಿಸಿದರೆ ಹಿಂಡಿನ ನಿಜವಾದ ತಳಿಬಲ ಸಿಗುತ್ತದೆ. ಹತ್ತು ಹೇಂಟೆಗೆ ಒಂದೇ ಹುಂಜವಿದ್ದರೆ ಆ ಬಲ ಹನ್ನೊಂದಲ್ಲ, ಸುಮಾರು 3.6 ಮಾತ್ರ! ಪ್ರತಿ ತಲೆಮಾರಿಗೂ ಶೇ. 14ರಷ್ಟು ವೈವಿಧ್ಯ ಸೋರಿಹೋಗುತ್ತದೆ. ಎರಡು ಹುಂಜ ಇಟ್ಟರೆ ಸೋರಿಕೆ ಶೇ. 7.5ಕ್ಕೆ ಇಳಿಯುತ್ತದೆ. ನಾಲ್ಕು ಮನೆಗಳು ತಲಾ ಒಂದು ಹುಂಜ, ಹತ್ತು ಹೇಂಟೆ ಸಾಕಿ ಹುಂಜಗಳನ್ನು ಪರಸ್ಪರ ಬದಲಾಯಿಸಿಕೊಂಡರೆ ನಾಲ್ಕೂ ಹಿಂಡು ಸೇರಿ ಒಂದೇ ಹಿಂಡಿನಂತಾಗಿ ಸೋರಿಕೆ ಶೇ. 3.5ಕ್ಕೂ ಕಡಿಮೆಯಾಗುತ್ತದೆ. ಒಂಟಿ ಮನೆ ಉಳಿಸಲಾಗದ್ದನ್ನು ನೆರೆಹೊರೆ ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ?

ಕ್ರಮವೂ ಸುಲಭ. ಹೆಣ್ಣುಮರಿಗಳು ಹುಟ್ಟಿದ ಮನೆಯಲ್ಲೇ ಉಳಿಯಲಿ. ಗಂಡುಮರಿ ಬೆಳೆದು ಹುಂಜವಾದಾಗ ಯಾವಾಗಲೂ ಒಂದೇ ದಿಕ್ಕಿನಲ್ಲಿ ಮುಂದಿನ ಮನೆಗೆ ಹೋಗಲಿ. ಹೇಂಟೆಯ ಒಡಲಲ್ಲಿ ಹಳೆಯ ಹುಂಜದ ಬೀಜ ಎರಡು-ಮೂರು ವಾರ ಜೀವಂತವಾಗಿರುತ್ತದೆ. ಆದ್ದರಿಂದ ಹುಂಜ ಬದಲಿಸಿದ ಮೇಲೆ ಒಂದು ತಿಂಗಳು ಕಳೆಯದೆ ಕಾವಿಗೆ ಮೊಟ್ಟೆ ಇಡಬಾರದು.

ಇಲ್ಲಿ ಮಲೆನಾಡಿನ ಒಂದು ದುರಭ್ಯಾಸವನ್ನೂ ಹೇಳಲೇಬೇಕು. ಮಾರಿಹಬ್ಬಕ್ಕೆ, ನೆಂಟರ ಊಟಕ್ಕೆ, ಸಂತೆಗೆ ಮೊದಲು ಹೋಗುವುದು ಹಿಂಡಿನ ಅತ್ಯುತ್ತಮ ಹುಂಜ. ಉಳಿದ ನರಪೇತಲ ಹುಂಜ ಮುಂದಿನ ತಲೆಮಾರಿಗೆ ತಂದೆಯಾಗುತ್ತದೆ. ಇಪ್ಪತ್ತು ವರ್ಷ ಹೀಗೆ ಮಾಡಿ 'ನಾಟಿ ಕೋಳಿ ಕುಗ್ಗಿಹೋಯಿತು' ಎಂದು ದೂರುವುದರಲ್ಲಿ ಅರ್ಥವಿಲ್ಲ. ಬೀಜದ ಭತ್ತವನ್ನು ಅನ್ನ ಮಾಡಿ ಉಂಡವರು ಗದ್ದೆಯನ್ನು ಬೈಯಬಾರದು.

ಎದುರಾಡುವವರ ಮಾತು

ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುತ್ತದೆ, ತಿಪ್ಪೆ ಕೋಳಿ ಅದರ ಹತ್ತಿರಕ್ಕೂ ಬರುವುದಿಲ್ಲ ಎನ್ನುತ್ತಾರೆ. ನಿಜ. ಆದರೆ ಆ ಮುನ್ನೂರರ ಹಿಂದೆ ಕೊಂಡ ಮರಿ, ಕೊಂಡ ಆಹಾರ, ಕೃತಕ ಬೆಳಕು, ಔಷಧಿ ಎಲ್ಲವೂ ಇವೆ. ತಿಪ್ಪೆ ಕೋಳಿಯ ಮೊಟ್ಟೆಯ ಹಿಂದೆ ಅಡುಗೆಮನೆಯ ಮುಸುರೆ, ಅಂಗಳದ ಕಾಳು, ತೋಟದ ಗೆದ್ದಲು ಇವೆ. ಲೆಕ್ಕದಲ್ಲಿ ಜಮೆಯನ್ನು ಮಾತ್ರ ಓದಿ ಖರ್ಚನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಪೇಟೆಗೆ ಮೊಟ್ಟೆ ಪೂರೈಸಲು ಫಾರಂ ಬೇಕೆನ್ನುವವರೊಂದಿಗೆ ಇಲ್ಲಿ ಜಗಳವಿಲ್ಲ. ಹಳ್ಳಿಯ ಹಿತ್ತಲನ್ನೂ ಫಾರಂ ಮಾಡಹೊರಟವರೊಂದಿಗೆ ಮಾತ್ರ ಜಗಳ.

ರೋಗ ಬಂದರೆ ನಾಟಿ ಕೋಳಿಯೂ ಸಾಯುತ್ತದಲ್ಲ ಎಂಬುದು ಎರಡನೆಯ ಮಾತು. ಇದೂ ನಿಜವೇ. ಕೊಕ್ಕರೆ ರೋಗ ಬಂದರೆ ಊರಿನ ಕೋಳಿಗೂಡುಗಳೆಲ್ಲ ಒಂದೇ ವಾರದಲ್ಲಿ ಖಾಲಿಯಾಗುತ್ತವೆ. ದೇಸಿ ತಳಿಗೆ ಎಲ್ಲ ರೋಗವನ್ನೂ ತಡೆಯುವ ದೈವಬಲವಿದೆ ಎಂಬ ಭ್ರಮೆಯನ್ನು ಪರಿಸರವಾದಿಗಳು ಬಿಡಬೇಕು. ಲಸಿಕೆ ಬೇಕು, ಸಮಯಕ್ಕೆ ಬೇಕು, ಹಳ್ಳಿಗೇ ಬರಬೇಕು. ಸುಧಾರಿತ ಮರಿಗಳನ್ನು ಹಂಚಲು ಸಿಗುವ ಹಣ, ವಾಹನಗಳು ಹತ್ತು ಕೋಳಿಗೆ ಲಸಿಕೆ ಹಾಕಲು ಮಾತ್ರ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಬೇಕು.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿ ಹಿತ್ತಲಿಗೆಂದೇ ಮಾಡಿದ್ದಲ್ಲವೇ ಎಂದೂ ಕೇಳುವವರಿದ್ದಾರೆ. ಬೇಗ ಬೆಳೆಯುವ ಅದರ ಗುಣವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದು ಕಾವಿಗೆ ಕೂರುವ ಕೋಳಿಯಲ್ಲ. ಮರಿಗೆ ಮತ್ತೆ ಹೊರಗೇ ಹೋಗಬೇಕು. ಅದನ್ನು ಬೇರೆಯಾಗಿ ಸಾಕಿದರೆ ಚಿಂತೆಯಿಲ್ಲ. ಅದರ ಹುಂಜವನ್ನು ಊರ ಹಿಂಡಿನೊಳಗೆ ಬಿಟ್ಟರೆ ಮುಂದೆ ಊರ ಕೋಳಿಯ ಕಾವೂ ಕಳೆಯುತ್ತದೆ.

ತರಬೇಕಾದದ್ದು ಹಕ್ಕಿಯನ್ನಲ್ಲ

ಐಸ್‌ಲ್ಯಾಂಡ್ ಕೋಳಿಗೆ ಇಂದು ಹೊರದೇಶಗಳಲ್ಲಿಯೂ ಅಭಿಮಾನಿಗಳಿದ್ದಾರೆ. ಅದರ ಬಣ್ಣ, ತುರಾಯಿಗಳನ್ನು ಚಿತ್ರದಲ್ಲಿ ಕಂಡು ಇಲ್ಲಿಯೂ ಕೆಲವರಿಗೆ ಆಸೆ ಹುಟ್ಟಬಹುದು. ಹಿಮದ ನಾಡಿನಲ್ಲಿ ಪಳಗಿದ ಆ ಹಕ್ಕಿಯನ್ನು ಆಗುಂಬೆಯ ಮಳೆಗೆ ತಂದು ನಿಲ್ಲಿಸುವುದು ಆ ಕೋಳಿಗೂ ಅನ್ಯಾಯ, ಇಲ್ಲಿಯ ಕೋಳಿಗೂ ಅಪಾಯ. ಕಾರಾಕುಲ್ ಕುರಿಯ ಕಥೆಯನ್ನು ಓದಿದ ಮೇಲೂ ಆ ತಪ್ಪನ್ನು ಮಾಡಬಾರದು. ತರಬೇಕಾದದ್ದು ಐಸ್‌ಲ್ಯಾಂಡಿನ ಕೋಳಿಯನ್ನಲ್ಲ, ಐಸ್‌ಲ್ಯಾಂಡಿನ ವಿವೇಕವನ್ನು.

ಕೋಳಿಯ ವಿಷಯದಲ್ಲಿ ಈ ಬೆಟ್ಟಗಳು ಯಾರಿಗೂ ಸಾಲಗಾರರಲ್ಲ, ಸಾಲ ಕೊಟ್ಟವು. ಮನೆಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಜಗತ್ತಿನ ಅನೇಕ ಕೋಳಿಗಳ ಹಳದಿ ಕಾಲಿನ ಗುಣ ಬಂದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿಕೊಟ್ಟರು. ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಬೆಳಗಿನ ಜಾವ ಕೂಗುವ ಅದೇ ಕಾಡುಕೋಳಿ! ಅದರ ಋಣವನ್ನು ಜಗತ್ತಿನ ಫಾರಂಗಳು ಕಾಲಿನಲ್ಲಿ ಹೊತ್ತು ತಿರುಗುತ್ತಿರುವಾಗ, ಅದರ ನೆರಳಿನಲ್ಲೇ ಬದುಕಿದ ಊರುಗಳು ತಮ್ಮ ಕೋಳಿಯನ್ನು ಕೀಳೆಂದು ಭಾವಿಸುವುದು ಎಂಥ ವಿಪರ್ಯಾಸ!

ಮಾಡಬೇಕಾದ ಕೆಲಸ ದೊಡ್ಡದಲ್ಲ. ಜೀವವೈವಿಧ್ಯ ಕಾಯ್ದೆ, 2002ರ ಅಡಿಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಇರಬೇಕು. ಅದರಲ್ಲಿ ಮರ, ಮೂಲಿಕೆಗಳ ಜತೆ ಊರ ಕೋಳಿಗೂ ಒಂದು ಪುಟ ಇರಲಿ. ಯಾವ ಮನೆಯಲ್ಲಿ ಎಷ್ಟು ಹೇಂಟೆ, ಎಷ್ಟು ಹುಂಜ, ಯಾವುದು ಕಾವಿಗೆ ಕೂರುತ್ತದೆ, ಅಜ್ಜಿಯರು ಯಾವ ಬಣ್ಣವನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಶಾಲೆಯ ಮಕ್ಕಳು ಒಂದು ರಜೆಯಲ್ಲಿ ಬರೆದು ತರಬಲ್ಲರು. ಕೇರಿಗೆ ನಾಲ್ಕು ಮನೆಗಳು ಕೂಡಿ ಹುಂಜ ಬದಲಾಯಿಸಿಕೊಳ್ಳಬಲ್ಲವು. ಹಬ್ಬಕ್ಕೆ ಎರಡನೆಯ ಹುಂಜವನ್ನು ಕೊಟ್ಟು ಮೊದಲನೆಯದನ್ನು ಉಳಿಸಬಹುದು.

ಐಸ್‌ಲ್ಯಾಂಡಿನಲ್ಲಿ ಐವತ್ತೊಂದನೆಯ ಮನೆ ಇದ್ದುದರಿಂದ ಕೋಳಿ ಉಳಿಯಿತು. ಮಲೆನಾಡಿನ ಪ್ರತಿ ಊರಿನಲ್ಲಿಯೂ ಇಂದು ಅಂಥ ಒಂದು ಮನೆ ಇನ್ನೂ ಇದೆ. ಸಾಮಾನ್ಯವಾಗಿ ಅದು ಊರ ಅಂಚಿನ, ಬಡ ಮುದುಕಿಯೊಬ್ಬಳ ಮನೆ. ಆ ಅಂಗಳದ ತಿಪ್ಪೆ ಖಾಲಿಯಾಗುವ ಮುನ್ನ ಊರು ಅಲ್ಲಿಗೆ ಹೋಗಬೇಕು. ಮರಿ ಹಂಚಲಿಕ್ಕಲ್ಲ, ಮರಿ ಕೇಳಲಿಕ್ಕೆ.