ಕುಕ್ಕರಿನ ಗ್ಯಾಸ್ಕೆಟ್ಟೂ ಕಾರಿನ ಬ್ರೇಕೂ ಒಂದೇ ಅಲ್ಲ

ಅಕ್ಕಾರ, ವೈನಿಗೋಳ, ಬಾಜೂಮನಿ ಕಾಕು, ಎಲ್ಲಾರೂ ಸ್ವಲ್ಪ ಕೂತು ಓದ್ರಿ. ಈ ಸಲ ಉಪ್ಪಿನಕಾಯಿ ಮಾತಲ್ಲ, ಹಪ್ಪಳದ ಮಾತಲ್ಲ. ನಮ್ಮ ಮನೀ ಮುಂದ ಬಿಸಲಾಗ ನಿಂತಿರ್ತದಲ್ಲಾ ಕಾರು, ಅದರ ಮಾತು. "ಕಾರಿನ ವಿಷಯ ನಿನಗ್ಯಾಕ, ಅದು ಗಂಡಸರ ಕೆಲಸ" ಅನ್ನಾವರಿಗೆ ಮೊದಲೇ ಹೇಳಿಬಿಡ್ತೇನಿ. ಗ್ಯಾರೇಜಿನ ಬಿಲ್ಲು ಜಾಸ್ತಿ ಬಂದ ತಿಂಗಳು ಕಡಿಮಿ ಆಗೂದು ನನ್ನ ಕಿರಾಣಿ ರೊಕ್ಕ. ಹಂಗಾಗಿ ಮಾತಾಡೂ ಹಕ್ಕು ನನಗ ಅದ.

ನಮ್ಮದು ಸಣ್ಣ ಕಾರು, ಹನ್ನೆರಡು ವರ್ಷದ್ದು. ನಮ್ಮವರು ರಿಟೈರ್ ಆದ ಮ್ಯಾಲೆ ಪಗಾರ ಹೋಗಿ ಪೆನ್ಶನ್ ಬಂತು, ಕಾರಿಗೂ ವಯಸ್ಸಾತು. ಎರಡು ವರ್ಷದ ಹಿಂದ ಸರ್ವಿಸ್ ಬಿಲ್ಲು ಬಂದಾಗ ನಾ ಕನ್ನಡಕ ಹಾಕ್ಕೊಂಡು ಒಂದೊಂದ ಸಾಲು ಓದಿದೆ. ವೈಪರ್ ಬದಲಿ ಮಾಡಿದ್ದಕ್ಕ ಕೂಲಿ. ಏರ್ ಫಿಲ್ಟರ್ ಹಾಕಿದ್ದಕ್ಕ ಕೂಲಿ. ಬ್ಯಾಟರಿ ಸ್ವಚ್ಛ ಮಾಡಿದ್ದಕ್ಕ ಇನ್ನೂರು. ಒಳಗ ವಾಸನಿ ಹೊಡದಿದ್ದಕ್ಕ ಆರನೂರು. ನಮ್ಮ ನಾದಿನಿ ಬಿಲ್ಲಂತೂ ಇನ್ನೂ ಛಂದ ಇತ್ತು. ಏಸಿ ಗಾಳಿ ಸೋಸೂ ಕ್ಯಾಬಿನ್ ಫಿಲ್ಟರ್ ಬದಲಿ ಮಾಡೇವಿ ಅಂತ ಬರದಿದ್ರು. ಮನಿಗೆ ಬಂದು ಪುಸ್ತಕ ತಗದು ನೋಡಿದ್ರ ಅಕೀ ಕಾರಿನ್ಯಾಗ ಆ ಫಿಲ್ಟರ್ ಇಡೂ ಜಾಗಾನೇ ಇಲ್ಲ! ಕೆಲವು ಹಳೇ ಸಣ್ಣ ಕಾರಿನ್ಯಾಗ ಅದು ಇರೂದೇ ಇಲ್ಲ. ಇಲ್ಲದ್ದಕ್ಕೂ ರೊಕ್ಕ ಕೊಟ್ಟು ಬಂದಿದ್ಲು, ಪಾಪ. ಯಾಕಂದ್ರ ಗಂಡ-ಹೆಂಡತಿ ಇಬ್ಬರೂ ಬಾನೆಟ್ ಎತ್ತಿದಾವರಲ್ಲ.

ಇದು ಒಂದು ಥರದ ಮೂರ್ಖತನ. ಇದಕ್ಕಿಂತ ದೊಡ್ಡದು ಇನ್ನೊಂದು ಅದ. ಅದು ನಮ್ಮನ್ಯಾಗೇ ಆತು.

ಹೋದ ವರ್ಷ ಗೋಕರ್ಣಕ್ಕ ಹೋಗೂದು ಅಂತ ಠರಾವು ಆಗಿತ್ತು. ಬ್ರೇಕ್ ಒತ್ತಿದ್ರ ಮುಂದಿನ ಗಾಲಿಯೊಳಗ ಕಿರ್ರ್ ಅಂತ ಸಪ್ಪಳ. ಗ್ಯಾರೇಜಿನಾವ ಪ್ಯಾಡು ಸವದಾವ, ಪ್ಯಾಡು ಕೂಲಿ ಸೇರಿ ಮೂರು ಸಾವಿರದ ಮ್ಯಾಲ ಆಗ್ತದ ಅಂದ. ನಮ್ಮವರಿಗೆ ಸಿಟ್ಟು ಬಂತು. "ಬರೇ ಎರಡು ಬೋಲ್ಟ್ ಬಿಚ್ಚೂ ಕೆಲಸಕ್ಕ ಇಷ್ಟ್ಯಾಕ?" ಅಂತ ತಾವೇ ಪ್ಯಾಡು ತಂದ್ರು. ಮೊಬೈಲಿನ್ಯಾಗ ಹನ್ನೊಂದು ನಿಮಿಷದ ವಿಡಿಯೋ ನೋಡಿದ್ರು, ಮೈದುನನ ಮಗನ್ನ ಕರಕೊಂಡು ಅಂಗಳಕ್ಕ ಇಳದ್ರು. ನಮ್ಮ ಅಂಗಳ ಗೇಟಿನ ಕಡೆ ಇಳಿಜಾರು ಅನ್ನೂದು ನಿಮಗೆಲ್ಲಾ ಗೊತ್ತದ. ನೀರು ಹರೀಲಿ ಅಂತ ನಾವೇ ಹಂಗ ಮಾಡಿಸಿದ್ದು. ಅಲ್ಲೇ ಜ್ಯಾಕ್ ಕೊಟ್ಟು ಗಾಲಿ ಬಿಚ್ಚಿದ್ರು. ಹಿಂದಿನ ಗಾಲಿಗೆ ಆಸರ ಅಂತ ಒಂದು ಅರ್ಧ ಇಟ್ಟಂಗಿ.

ನಾ ಒಳಗಿಂದ "ಅವಲಕ್ಕಿ ಕಲಸೇನಿ, ಆಮ್ಯಾಲೆ ಮಾಡೀರಂತ, ಬರ್ರಿ" ಅಂತ ಕರದೆ. ಆ ಹುಡುಗ ಕೈ ಒರಸ್ಕೊಂಡು ಎದ್ದು ಎರಡು ಹೆಜ್ಜಿ ಬಂದಿರಬೇಕು, ಧಡ್ ಅಂತ ಸಪ್ಪಳಾತು. ಇಟ್ಟಂಗಿ ಜಾರಿ, ಕಾರು ಜ್ಯಾಕಿನ ಮ್ಯಾಲಿಂದ ಕೆಳಗ ಕೂತಿತ್ತು. ಗಾಲಿ ಇಲ್ಲದ ಕಡೆ, ಬ್ರೇಕಿನ ಡಿಸ್ಕು ನೆಲಕ್ಕ ಬಡದು ಫರಸಿ ಒಡದಿತ್ತು. ಒಂದು ನಿಮಿಷದ ಹಿಂದ ಅದೇ ಜಾಗಾದಾಗ ಆ ಹುಡುಗನ ಎರಡೂ ಕೈ ಇದ್ದವು. ಅವ ಇಂಜಿನಿಯರಿಂಗ್ ಓದೂ ಹುಡುಗ. ನಮ್ಮ ವೈನಿಗೆ ಒಬ್ಬನೇ ಮಗ.

ಆಮ್ಯಾಲೆ ಕಾರು ಎಳಕೊಂಡು ಹೋಗೂ ಗಾಡಿ ಖರ್ಚು, ಡಿಸ್ಕು, ಅದರ ಹಿಂದಿನ ತಗಡು, ಕೂಲಿ, ಎಲ್ಲಾ ಸೇರಿ ಒಂಬತ್ತು ಸಾವಿರ ದಾಟಿತು. ಅದನ್ನ ಬಿಡ್ರಿ. ರೊಕ್ಕ ಹೋದ್ರ ಬರ್ತದ. ನಾ ಅವತ್ತು ರಾತ್ರಿ ಮಲಗಲಿಲ್ಲ. ಅವಲಕ್ಕಿ ಕಲಸೂದು ಒಂದು ನಿಮಿಷ ತಡ ಆಗಿದ್ರ ವೈನಿಗೆ ನಾ ಏನಂತ ಮಾರಿ ತೋರಸ್ತಿದ್ದೆ?

ಇನ್ನೊಂದು ಮಾತು ನನ್ನ ತಲ್ಯಾಗ ಈಗೂ ಕೊರೀತದ. ಅವತ್ತು ಕಾರು ಜಾರದ, ಇಬ್ಬರೂ ಸೇರಿ ಪ್ಯಾಡು ಹಾಕೇ ಬಿಟ್ಟಿದ್ರ? ಒಂದು ಬೋಲ್ಟ್ ಸಡಲ ಉಳದಿದ್ರ? ಗೋಕರ್ಣಕ್ಕ ಹೋಗೂ ದಾರಿಯೊಳಗ ಯಲ್ಲಾಪುರ ದಾಟಿದ ಮ್ಯಾಲೆ ಅರಬೈಲ ಘಾಟು ಬರ್ತದ. ಮುಂದ ಲಾರಿ, ಹಿಂದ ಲಾರಿ, ಬಾಜೂಕ ಕಣಿವಿ. ಅಲ್ಲೆ ಬ್ರೇಕ್ ಹತ್ತಲಿಲ್ಲಂದ್ರ ಎರಡು ಸಾವಿರ ಉಳಿಸಿದ ಜಾಣತನ ಯಾರ ಮುಂದ ಹೇಳೂದು?

ಈಗ ನನ್ನ ವಾದ ಕೇಳ್ರಿ. ಮನ್ಯಾಗ ಯಾವ ರಿಪೇರಿ ಮಾಡಬೇಕು, ಯಾವದು ಮಾಡಬಾರದು ಅನ್ನೂದಕ್ಕ ಗಂಡಸರು ಎರಡೇ ಲೆಕ್ಕ ಹಿಡೀತಾರ. ಎಷ್ಟು ರೊಕ್ಕ ಉಳೀತದ, ಎಷ್ಟು ಬೋಲ್ಟ್ ಬಿಚ್ಚಬೇಕು. ಎರಡೂ ತಪ್ಪು ಲೆಕ್ಕ. ಕೇಳಬೇಕಾದ್ದು ಒಂದೇ: ಕೈ ತಪ್ಪಿದ್ರ ಏನು ಹೋಗ್ತದ? ಬರೇ ಆ ಸಾಮಾನು ಹೋಗ್ತದ ಅಂದ್ರ ಮನ್ಯಾಗ ಮಾಡ್ರಿ. ಜೀವ ಹೋಗ್ತದ ಅಂದ್ರ ಪುಕ್ಕಟ ಆದ್ರೂ ಮುಟ್ಟಬ್ಯಾಡ್ರಿ.

ಈ ಲೆಕ್ಕ ನಮಗ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸಡಲಾದ್ರ ನಾವೇ ಪ್ಯಾಟಿಗೆ ಹೋಗಿ ಹೊಸಾದು ತಂದು ಹಾಕ್ತೀವಿ, ಯಾರನ್ನೂ ಕರ್ಯೂದಿಲ್ಲ. ಆದ್ರ ಸಿಲಿಂಡರ್ ಹತ್ರ ವಾಸನಿ ಬಂತಂದ್ರ? ರೆಗ್ಯುಲೇಟರ್ ಬಂದ್ ಮಾಡಿ, ಕಿಡಕಿ ತಗದು, ಸ್ವಿಚ್ ಮುಟ್ಟದ ಹೊರಗ ಬಂದು ಗ್ಯಾಸಿನವರಿಗೆ ಫೋನ್ ಮಾಡ್ತೀವಿ. ಸ್ಕ್ರೂ ಡ್ರೈವರ್ ಹಿಡಕೊಂಡು ಅದರ ಮುಂದ ಕೂಡೂದಿಲ್ಲ. ದಿನಾ ಬೆಂಕಿ ಮುಂದ ನಿಂತು ಕಲತ ಈ ಬುದ್ಧಿ ಕಾರಿನ ಮುಂದ ಹೋದಕೂಡಲೇ "ನಮಗೇನ್ ತಿಳೀತದ್ರಿ" ಅಂತ ಯಾಕ ಮುಚ್ಚಿಡ್ತೀರಿ?

ನಾ ಈಗ ಏನೇನು ಮಾಡ್ತೇನಿ, ಹೇಳ್ತೇನಿ.

ವಾರಕ್ಕೊಮ್ಮೆ ಕಾರು ಸಪಾಟ ಜಾಗಾದಾಗ ನಿಂತಾಗ, ಇಂಜಿನ್ ಬಂದ್ ಆಗಿ ಹತ್ತು ನಿಮಿಷ ಆದ ಮ್ಯಾಲೆ, ಎಣ್ಣಿ ಕಡ್ಡಿ ತಗದು, ಹಳೇ ಅರಿವಿಯಿಂದ ಒರಸಿ, ಮತ್ತೊಮ್ಮೆ ಅದ್ದಿ ನೋಡ್ತೇನಿ. ಎಣ್ಣಿ ಎರಡು ಗುರುತಿನ ನಡುವ ಇರಬೇಕು. ಕೂಲಂಟ್ ಡಬ್ಬಿ ಹೊರಗಿಂದೇ ಕಾಣ್ತದ, ಅದಕ್ಕೂ ಎರಡು ಗುರುತು ಅವ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಾ ಮಾತ್ರ ಮುಟ್ಟಬ್ಯಾಡ್ರಿ. ಸೀಟಿ ಇಳೀದ ಕುಕ್ಕರಿನ ಮುಚ್ಚಳಾ ತಗದಂಗ, ಮಾರಿಗೆ ಹಾರ್ತದ. ಗಾಲಿ ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಲಾ ತಗದ್ರ ಅಲ್ಲೇ ಚೀಟಿ ಹಚ್ಚಿರ್ತಾರ. ಗಾಲಿ ತಣ್ಣಗಿದ್ದಾಗ ನೋಡಿಸಬೇಕು.

ವೈಪರ್ ಬ್ಲೇಡ್ ಮಳಿಗಾಲದ ಮೊದಲು ನಾನೇ ಬದಲಿ ಮಾಡ್ತೇನಿ. ಬ್ಲೇಡ್ ತಗದಾಗ ಕಾಚಿನ ಮ್ಯಾಲೆ ದಪ್ಪ ಟಾವೆಲ್ ಹಾಸಿಡ್ರಿ. ಬರೇ ಕಬ್ಬಿಣದ ಕೈ ಸ್ಪ್ರಿಂಗಿನ ಜೋರಿಗೆ ಕೆಳಗ ಬಡದ್ರ ಕಾಚು ಒಡೀತದ. ಏರ್ ಫಿಲ್ಟರ್ ಎಷ್ಟೋ ಕಾರಿನ್ಯಾಗ ನಾಕು ಕ್ಲಿಪ್ ತಗದ್ರ ಕೈಗೆ ಬರ್ತದ, ಊಟದ ಡಬ್ಬಿ ತಗದಂಗ. ನಮ್ಮ ನವಲಗುಂದ, ನರಗುಂದ ಕಡೆ ಬ್ಯಾಸಿಗ್ಯಾಗ ಓಡಾಡಿ ಬಂದ್ರ ಅದರಾಗ ಎರಿ ಮಣ್ಣಿನ ಧೂಳು ತುಂಬಿರ್ತದ. ಹಗೂರಕ ಝಾಡಿಸಿ ಹಾಕಬೇಕು, ತೀರಾ ಕರ್ರಗಾಗಿದ್ರ ಹೊಸಾದು. ನೀರಿನ್ಯಾಗ ತೊಳೀಬ್ಯಾಡ್ರಿ, ಅದು ಕಾಗದದ್ದು. ಏಸಿ ಫಿಲ್ಟರ್ ಇದ್ರ ಬಹಳ ಕಾರಿನ್ಯಾಗ ಎಡಗಡೆ ಸೀಟಿನ ಮುಂದಿನ ಖಾನೆ ಹಿಂದ ಇರ್ತದ. ಅದು ಹೊಲಸಾಗಿದ್ದಕ್ಕೇ ಅರ್ಧ ವಾಸನಿ. ಆರನೂರು ರೂಪಾಯಿ ಅತ್ತರು ಹೊಡಸೂ ಜರೂರಿಲ್ಲ.

ಬ್ಯಾಟರಿ ತುದಿಗೆ ಬಿಳೇ ಪುಡಿ ಬೆಳದಿದ್ರ ಬಿಸಿನೀರಾಗ ಅಡಗಿ ಸೋಡಾ ಕಲಿಸಿ ಹಳೇ ಹಲ್ಲಿನ ಬ್ರಶ್ಶಿನಿಂದ ತಿಕ್ಕಿದ್ರ ಹೋಗ್ತದ. ಆದ್ರ ಕ್ರಮ ಕೇಳ್ರಿ. ಬಂಗಾರದ ಬಳಿ, ಉಂಗುರ ತಗದಿಡಬೇಕು. ಕೈಗೆ ರಬ್ಬರ್ ಗ್ಲೌಸು. ಕಾರು ಬಂದ್ ಇರಬೇಕು. ಬಿಚ್ಚೂವಾಗ ಮೊದಲು ಮೈನಸ್, ಆಮ್ಯಾಲೆ ಪ್ಲಸ್. ಹಾಕೂವಾಗ ಮೊದಲು ಪ್ಲಸ್, ಕಡೀಕ ಮೈನಸ್. ತಿರಗಾ ಮುರಗಾ ಮಾಡಿ ಪಾನಾ ಕಾರಿನ ಮೈಗೆ ತಾಗಿದ್ರ ಕಿಡಿ ಹಾರ್ತದ. ಫ್ಯೂಸ್ ಹೋದ್ರ ಅಷ್ಟೇ ಅಂಪಿಯರಿಂದು ಹಾಕ್ರಿ. ದೊಡ್ಡದು ಹಾಕೂದು, ತಂತಿ ಸುತ್ತೂದು ಮಾಡಿದ್ರ ವಾಯರ್ ಸುಟ್ಟು ಬೆಂಕಿ ಹತ್ತತದ.

ಗಾಲಿ ಪಂಕ್ಚರ್ ಆದ್ರ ಸ್ಟೆಪ್ನಿ ಹಾಕೂದು ಎಲ್ಲಾ ಹೆಣ್ಣುಮಕ್ಕಳಿಗೂ ಬರಬೇಕು. ಕಾರಿನ ಜ್ಯಾಕ್ ಇರೂದು ಅದಕ್ಕ ಮಾತ್ರ. ಸಪಾಟ ಜಾಗಾ, ಹ್ಯಾಂಡ್ ಬ್ರೇಕ್, ಒಂದನೇ ಗೇರು, ಎದರಿನ ಮೂಲಿ ಗಾಲಿಗೆ ದೊಡ್ಡ ಕಲ್ಲು. ನಟ್ ಸಡಲ ಮಾಡೂದು ಕಾರು ನೆಲದ ಮ್ಯಾಲ ಇದ್ದಾಗ, ಎತ್ತಿದ ಮ್ಯಾಲೆ ಅಲ್ಲ. ಕಾರಿನ ಅಡಿಯೊಳಗ ಕೈ, ಕಾಲು, ತಲಿ ಯಾವದೂ ಹೋಗಬಾರದು.

ಇನ್ನ ಮುಟ್ಟಬಾರದ್ದು. ಬ್ರೇಕು, ಬ್ರೇಕಿನ ಎಣ್ಣಿ, ಸ್ಟೇರಿಂಗು, ಸಸ್ಪೆನ್ಶನ್ನು. ಏರ್ ಬ್ಯಾಗ್ ಇರೂ ಕಡೆ ಯಾವ ವಾಯರೂ ಬ್ಯಾಡ. ಏಸಿ ಗ್ಯಾಸು ಬ್ಯಾಡ. ಸಿಎನ್‌ಜಿ ಕಾರಿದ್ದಾವರು ಅದರ ಪೈಪಿಗೆ ಕೈ ಹಚ್ಚಬ್ಯಾಡ್ರಿ, ಸಿಲಿಂಡರ್ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಸೂದು ಮರೀಬ್ಯಾಡ್ರಿ. ಈಗ ಕರೆಂಟಿನ ಕಾರು ಬಂದಾವ, ಅದರಾಗ ಕಿತ್ತಳಿ ಬಣ್ಣದ ದಪ್ಪ ವಾಯರ್ ಕಂಡ್ರ ಸರದ ನಿಲ್ರಿ. ಇಂಜಿನ್ ಎಣ್ಣಿ ಬದಲಿ ಮಾಡೂದೂ ಮನ್ಯಾಗ ಬ್ಯಾಡ ಅಂತೇನಿ. ಸಸಾರ ಕಾಣ್ತದ ಖರೆ, ಆದ್ರ ಕಾರಿನ ಅಡಿಗೆ ಹೋಗಬೇಕಾಗ್ತದ. ಹಳೇ ಎಣ್ಣಿ ಎಲ್ಲೆ ಸುರವೀರಿ? ಗಟಾರಕ್ಕ ಸುರವಿ ಊರಿನ ನೀರು ಕೆಡಿಸಿ ಉಳಿಸೂ ರೊಕ್ಕ ನನಗ ಬ್ಯಾಡ. ಕಾರಿಗೆ ವಾರಂಟಿ ಇನ್ನೂ ಇದ್ರ ಇಂಥಾ ಕೆಲಸ ಕಂಪನಿಯ ಸರ್ವಿಸ್ ಸೆಂಟರಿನ್ಯಾಗೇ ಮಾಡಸ್ರಿ.

"ಇಷ್ಟೆಲ್ಲಾ ಮಾಡಿ ಎಷ್ಟು ಉಳಸಿದಿ?" ಅಂತ ನಮ್ಮವರು ನಗತಾರ. ಡೈರಿಯೊಳಗ ಬರದಿಟ್ಟೇನಿ, ಹೋದ ವರ್ಷ ಎರಡು ಸಾವಿರದ ಏಳನೂರು. ಭಾಳ ಅಲ್ಲ. ಆದ್ರ ಬಾನೆಟ್ ಎತ್ತಿ ನೋಡಾಕ್ಹತ್ತಿದ ಮ್ಯಾಲೆ ಗ್ಯಾರೇಜಿನಾವ ನನ್ನ ಮುಂದ ಇಲ್ಲದ್ದನ್ನ ಬರ್ಯೂದಿಲ್ಲ. "ಹಳೇ ಸಾಮಾನು ಕೊಡಪಾ, ನೋಡ್ತೇನಿ" ಅಂತ ನಾ ಕೇಳ್ತೇನಿ. ಖರೇ ಮಾಡಿದಾವ ಖುಷೀಲೆ ಕೊಡ್ತಾನ, ಮಾಡದಾವ ತಡವರಸ್ತಾನ.

ಕೆಲವರು ಅಂತಾರ, ಎಲ್ಲಾ ಮನ್ಯಾಗೇ ಮಾಡ್ಕೊಂಡ್ರ ಮೆಕ್ಯಾನಿಕ್ ಹೊಟ್ಟಿಗೇನು ಮಾಡಬೇಕು? ಖರೆ ಮಾತು. ಅದಕ್ಕೇ ನಾ ಹೇಳೂದು, ವೈಪರಿನ ಕೂಲಿ ಉಳಿಸ್ರಿ, ಬ್ರೇಕಿನ ಕೂಲಿಗೆ ಚೌಕಾಶಿ ಮಾಡಬ್ಯಾಡ್ರಿ. ಅವ ಹದಿನೈದು ವರ್ಷ ಕೈ ಸುಟ್ಕೊಂಡು ಕಲತ ವಿದ್ಯಾ ಅದು. ನಾವು ಉಲ್ಟಾ ಮಾಡ್ತೀವಿ. ಕ್ಲಿಪ್ ತಗದು ಫಿಲ್ಟರ್ ಹಾಕಿದ್ದಕ್ಕ ಸುಮ್ಮ ರೊಕ್ಕ ಕೊಡ್ತೀವಿ, ಜೀವ ಕಾಯೂ ಕೆಲಸಕ್ಕ "ಇಷ್ಟ್ಯಾಕೋ, ಕಡಿಮಿ ಮಾಡೋ" ಅಂತ ಜಗಳಾ ತಗೀತೀವಿ.

ನಮ್ಮ ಮೈದುನನ ಮಗ ಈಗೂ ರವಿವಾರ ಬರ್ತಾನ. ಅವನ ಕೈಯಾಗ ಅವಲಕ್ಕಿ ಬಟ್ಟಲಾ ಕೊಡುವಾಗೊಮ್ಮೆ ಆ ಹತ್ತೂ ಬೆರಳು ಎಣಸ್ತೇನಿ. ಅವಗ ಗೊತ್ತಿಲ್ಲ.

ನಾಳೆ ಮುಂಜಾನೆ ಕಾರು ತಣ್ಣಗಿದ್ದಾಗ ಬಾನೆಟ್ ಎತ್ತಿ ಎಣ್ಣಿ ಕಡ್ಡಿ ಒಮ್ಮೆ ತಗದು ನೋಡ್ರಿ. ಬಾನೆಟ್ ಎತ್ತೂದು ಹೆಂಗ ಅಂತ ಗೊತ್ತಿಲ್ಲಂದ್ರ ನಮ್ಮನಿಗೆ ಬರ್ರಿ, ತೋರಸ್ತೇನಿ. ಚಹಾನೂ ಇಡ್ತೇನಿ. ಆದ್ರ ನಿಮ್ಮನ್ಯಾಗ ಯಾರಾರ ಜ್ಯಾಕ್ ಕೊಟ್ಟು ಬ್ರೇಕ್ ಬಿಚ್ಚಲಿಕ್ಕೆ ಕೂತ್ರಂದ್ರ ಚಹಾಕ್ಕ ಕಾಯಬ್ಯಾಡ್ರಿ, ಮೊದಲು ಹೋಗಿ ಪಾನಾ ಕಸಗೊಳ್ರಿ. ಬೈದ್ರ ಬೈಲಿ.