ಗೆದ್ದ ರಾತ್ರಿ ಬಸ್ಸು ಅಡ್ಡಗಟ್ಟುವ ಹಕ್ಕು ಯಾರು ಕೊಟ್ಟರು?

‘ಹುಡುಗ್ರು ಅದಾವ್ರಿ, ಬಿಡ್ರಿ. ವರ್ಷಕ್ಕೊಮ್ಮೆ ಖುಷಿ ಮಾಡ್ತಾವ.’ ಕ್ರಿಕೆಟ್ ಪಂದ್ಯ ಗೆದ್ದ ರಾತ್ರಿ ರಸ್ತೆಗಿಳಿದು ಬಸ್ಸು ನಿಲ್ಲಿಸುವ, ಹತ್ತಿ ಕುಣಿಯುವ, ಕೂತವರನ್ನು ಕೆಣಕುವ ಗುಂಪಿನ ಬಗ್ಗೆ ದೂರಿದರೆ ರಾಯಚೂರು ಜಿಲ್ಲೆಯ ನಮ್ಮ ಗುರುಗುಂಟಾ ಸೀಮೆಯಲ್ಲಿ ಸಿಗುವ ಉತ್ತರ ಇದೊಂದೇ. ಊರ ಹಿರಿಯರು ಇದನ್ನೇ ಹೇಳುತ್ತಾರೆ, ಪೊಲೀಸರೂ ಇದನ್ನೇ ಹೇಳುತ್ತಾರೆ. ಹೆದರಿ ಮುದುಡಿ ಕೂತಿದ್ದ ಪ್ರಯಾಣಿಕನೂ ಬಸ್ಸಿಳಿದ ಮೇಲೆ ಇದನ್ನೇ ಹೇಳಿ ಸಮಾಧಾನ ಪಟ್ಟುಕೊಳ್ಳುತ್ತಾನೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನುಗಳಿಂದ ಗೆದ್ದು, 18 ವರ್ಷಗಳಲ್ಲಿ ಮೊದಲ ಬಾರಿಗೆ ಐಪಿಎಲ್ ಕಪ್ ಎತ್ತಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಅಂದಿನಿಂದ ನಡೆದ ವಾದವಿವಾದ ಎಲ್ಲರಿಗೂ ಗೊತ್ತು. ನಗರ ಪೊಲೀಸ್ ಕಮಿಷನರ್ ಅಮಾನತಾದರು, ನ್ಯಾಯಮೂರ್ತಿ ಮೈಕಲ್ ಕುನ್ಹಾ ಆಯೋಗ ವಿಚಾರಣೆ ನಡೆಸಿತು, ಕೇಂದ್ರ ಆಡಳಿತ ನ್ಯಾಯಮಂಡಳಿ ಆರ್‌ಸಿಬಿಯತ್ತ ಬೊಟ್ಟು ಮಾಡಿತು. ಆಗಸ್ಟಿನಲ್ಲಿ ಜನಸಂದಣಿ ನಿಯಂತ್ರಣ ವಿಧೇಯಕ ವಿಧಾನಸಭೆಗೆ ಬಂದು ಸದನ ಸಮಿತಿಗೆ ಹೋಯಿತು. ಅನುಮತಿ ಕೇಳಿದ್ದರೋ ಇಲ್ಲವೋ, ಗೇಟು ತೆರೆದವರು ಯಾರು, ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಬೇಕಿತ್ತೇ ಎಂಬ ಪ್ರಶ್ನೆಗಳೆಲ್ಲ ಎದ್ದವು. ಏಳಲೇಬೇಕಿತ್ತು, ಸತ್ತವರು ಮಕ್ಕಳು, ಯುವಕ ಯುವತಿಯರು.

ಆದರೆ ಕಾಲ್ತುಳಿತ ನಡೆದ ಅದೇ ದಿನ ಬೆಂಗಳೂರಿನ ‘ನಮ್ಮ ಮೆಟ್ರೊ’ದಲ್ಲಿ 9.66 ಲಕ್ಷ ಜನ ಓಡಾಡಿದರು, ಅಲ್ಲಿಯವರೆಗಿನ ದಾಖಲೆ ಅದು. ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸದೆ ಮುಂದೆ ಸಾಗಿಸಬೇಕಾಯಿತು. ಅಷ್ಟು ಜನರಲ್ಲಿ ಕಚೇರಿ ಬಿಟ್ಟು ಮನೆಗೆ ಹೊರಟವರಿದ್ದರು, ಆಸ್ಪತ್ರೆಗೆ ಹೊರಟವರಿದ್ದರು. ಕಪ್ಪಿಗೂ ತಮಗೂ ಸಂಬಂಧವಿಲ್ಲದ ಇವರ ಪಾಡೇನಾಯಿತೆಂದು ಕೇಳಿದವರು ವಿರಳ. ಬೆಂಗಳೂರಿನ ಮೆಟ್ರೊದಲ್ಲಿ ಪ್ಲಾಟ್‌ಫಾರ್ಮಿಗೊಬ್ಬ ಭದ್ರತಾ ಸಿಬ್ಬಂದಿಯಾದರೂ ಇರುತ್ತಾನೆ, ಕ್ಯಾಮೆರಾ ಇರುತ್ತದೆ. ರಾಯಚೂರು ಜಿಲ್ಲೆಯ ರಾತ್ರಿ ಬಸ್ಸಿನಲ್ಲಿ ಏನಿದೆ?

ಪಂದ್ಯ ಗೆದ್ದ ಅಂಥದೊಂದು ರಾತ್ರಿ ಲಿಂಗಸುಗೂರಿನಿಂದ ನಮ್ಮೂರ ಕಡೆ ಹೊರಟ ಬಸ್ಸಿನಲ್ಲಿ ನಾನಿದ್ದೆ. ಕ್ರಾಸೊಂದರಲ್ಲಿ ಬೈಕುಗಳನ್ನು ಅಡ್ಡ ನಿಲ್ಲಿಸಿ ಒಂದಷ್ಟು ಹುಡುಗರು ಬಸ್ಸು ತಡೆದರು. ಕೆಲವರು ಹಿಂದಿನ ಏಣಿ ಹಿಡಿದು ಟಾಪ್ ಮೇಲೆ ಹತ್ತಿದರು, ಉಳಿದವರು ಒಳಗೆ ನುಗ್ಗಿದರು. ಹೊರಗಿನಿಂದ ತಗಡಿಗೆ ಅಂಗೈಯಲ್ಲಿ ಬಡಿಯುತ್ತಿದ್ದ ಸದ್ದಿಗೆ ಜ್ವರ ಬಂದು ಮಲಗಿದ್ದ ಕೂಸೊಂದು ಎಚ್ಚರಗೊಂಡು ಚೀರತೊಡಗಿತು. ಪಟಗ ಸುತ್ತಿದ್ದ ಮುದುಕನ ಹೆಗಲು ಹಿಡಿದು ಅಲುಗಿಸಿ ಒಬ್ಬ ಕೂಗಿದ: ‘ಏ ಯಜಮಾನಾ, ಬಾಯಿ ಇಲ್ಲೇನ? ಒದರು, ಆರ್‌ಸಿಬಿ!’ ಮುದುಕ ಒದರಿದ. ಹಿಂದಿನ ಸೀಟಿನ ಹುಡುಗಿಯ ಮುಖಕ್ಕೆ ಮೊಬೈಲ್ ಬೆಳಕು ಹಿಡಿದು ಇನ್ನೊಬ್ಬ ‘ಅಕ್ಕಾರ, ಒಂದ ಸೆಲ್ಫಿ’ ಎಂದ. ಅವಳು ವೇಲನ್ನು ಮುಖದ ಮೇಲೆ ಎಳೆದುಕೊಂಡಳು. ಪಕ್ಕದಲ್ಲಿದ್ದ ತಾಯಿ ‘ಬ್ಯಾಡಪ್ಪಾ, ಅಕಿಗಿ ಆರಾಮಿಲ್ಲ’ ಎಂದು ಬೇಡಿಕೊಂಡಳು.

ಕಂಡಕ್ಟರ್ ಒಳ್ಳೆಯ ಮನುಷ್ಯ. ‘ತಮ್ಮಾ, ಮ್ಯಾಲ ಹತ್ತಿದವ್ರು ಇಳೀರಿ, ಕರೆಂಟಿನ ವೈರ್ ಅದಾವ’ ಎಂದು ಕೈಮುಗಿದ. ಒಬ್ಬ ಅವನ ಕೈಲಿದ್ದ ಟಿಕೆಟ್ ಮಷಿನ್ ಕಸಿದುಕೊಂಡು ನಗುತ್ತಾ ಹೇಳಿದ: ‘ನಾಳಿ ಇದ ರೋಡಿಗಿ ಬರಾಂವ ಅದಿ ಅಲ್ಲ ನೀ?’

ಯಾರಿಗೂ ಏಟು ಬೀಳಲಿಲ್ಲ, ಗಾಜು ಒಡೆಯಲಿಲ್ಲ. ಸಾಕೆನಿಸಿದಾಗ ಮಷಿನ್ ವಾಪಸ್ ಕೊಟ್ಟು ಇಳಿದು ಹೋದರು. ಹೀಗಾಗಿ ಯಾವ ಠಾಣೆಯಲ್ಲೂ ಇದು ದಾಖಲಾಗುವುದಿಲ್ಲ. ಆ ಕಂಡಕ್ಟರಿಗೆ ಬಿದ್ದ ಬೆದರಿಕೆ ಮಾತ್ರ ಮರುದಿನವೂ ಅದೇ ರಸ್ತೆಯಲ್ಲಿ ಅವನ ಜೊತೆ ಪ್ರಯಾಣ ಮಾಡಿರುತ್ತದೆ. ಏಟು ಬಿದ್ದರಷ್ಟೇ ಅಪರಾಧ ಎಂದು ತಿಳಿದವರು ಆ ಮುದುಕ ‘ಆರ್‌ಸಿಬಿ’ ಎಂದು ಒದರಿದ ದನಿಯನ್ನು ಕೇಳಬೇಕಿತ್ತು.

ಕ್ರೀಡಾಂಗಣಕ್ಕೆ ಹೋದವನು ಇಷ್ಟಪಟ್ಟು ಹೋಗಿರುತ್ತಾನೆ, ಬೀದಿ ಮೆರವಣಿಗೆ ಕಂಡವನು ಪಕ್ಕದ ಓಣಿ ಹಿಡಿದು ಪಾರಾಗಬಹುದು. ನಡುರಾತ್ರಿ ನಡುದಾರಿಯಲ್ಲಿ ನಿಂತ ಬಸ್ಸಿನೊಳಗಿದ್ದವನು ಎಲ್ಲಿಗೆ ಹೋಗಬೇಕು? ಇರುವವು ಒಂದೆರಡು ಬಾಗಿಲು, ಅಲ್ಲೂ ಅವರೇ ನಿಂತಿರುತ್ತಾರೆ. ಒಬ್ಬೊಬ್ಬರೇ ಸಿಕ್ಕರೆ ಸಭ್ಯವಾಗಿ ಮಾತಾಡಿಸುವ ಹುಡುಗರು ಗುಂಪಾದೊಡನೆ ಬೇರೆಯವರಾಗುವುದು, ಎದುರಿನವನು ತಪ್ಪಿಸಿಕೊಳ್ಳಲಾರ ಎಂಬುದು ಖಾತ್ರಿಯಾದಾಗ.

ಹೆಣ್ಣುಮಕ್ಕಳಿಗೆ ಇದರ ಬೆಲೆ ಇನ್ನೂ ಹೆಚ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಹೆಂಗಸರ ಓಡಾಟ ಹೆಚ್ಚಿದ್ದು ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ಕಾಣುತ್ತದೆ. ಸರ್ಕಾರ ಟಿಕೆಟ್ ಉಚಿತ ಮಾಡಿತು. ಆದರೆ ಹೀಗೊಂದು ರಾತ್ರಿ ಕಂಡ ತಾಯಿ ಮಗಳಿಗೆ ‘ಇನ್ನ ಸಂಜಿ ಮುಂದಿನ ಬಸ್ಸು ಬ್ಯಾಡ’ ಅನ್ನುತ್ತಾಳೆ. ಅಲ್ಲಿಗೆ ಸಂಜೆಯ ಟ್ಯೂಷನ್ ನಿಂತಿತು, ದೂರದ ಕಾಲೇಜು ನಿಂತಿತು. ಇದೇ ಆರ್‌ಸಿಬಿಗೆ ಮೊದಲ ಕಪ್ ತಂದುಕೊಟ್ಟವರು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂದಾನ ತಂಡ ಗೆದ್ದು ತೋರಿಸಿತು. ಆ ತಂಡದ ಹೆಸರು ಕೂಗುತ್ತಲೇ ಹುಡುಗಿಯೊಬ್ಬಳ ಮುಖಕ್ಕೆ ಬೆಳಕು ಹಿಡಿಯುವವನನ್ನು ಅಭಿಮಾನಿ ಎಂದು ಹೇಗೆ ಕರೆಯಲಿ?

ಈ ರೋಗ ನಮ್ಮದೊಂದೇ ಅಲ್ಲ. ಫುಟ್‌ಬಾಲ್ ಹುಚ್ಚಿನ ಯುರೋಪು ಇದನ್ನು ನಮಗಿಂತ ಮೊದಲೇ ಉಂಡಿದೆ. 2015ರ ಫೆಬ್ರುವರಿ 17ರಂದು ಪ್ಯಾರಿಸ್ ಮೆಟ್ರೊದ ರಿಶೆಲ್ಯೂ ದ್ರುಓ ನಿಲ್ದಾಣದಲ್ಲಿ, ಪಂದ್ಯ ನೋಡಲು ಬಂದಿದ್ದ ಇಂಗ್ಲೆಂಡಿನ ಚೆಲ್ಸಿ ತಂಡದ ಅಭಿಮಾನಿಗಳು ಸುಲೇಮಾನ್ ಸಿಲಾ ಎಂಬ ಕಪ್ಪುವರ್ಣೀಯ ಪ್ರಯಾಣಿಕನನ್ನು ರೈಲು ಹತ್ತಲು ಬಿಡದೆ ಹೊರಗೆ ತಳ್ಳಿದರು. ತಾವು ಜನಾಂಗಭೇದಿಗಳು, ಹೀಗೇ ಇರುವವರು ಎಂದು ರಾಗವಾಗಿ ಹಾಡಿದರು. ಆತ ಮತ್ತೆ ಹತ್ತಲು ನೋಡಿದ, ಮತ್ತೆ ತಳ್ಳಿದರು. ಅಲ್ಲಿದ್ದವರೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರಿಂದ ವಿಷಯ ಹೊರಬಿತ್ತು.

ಮುಂದೆ ನಡೆದದ್ದು ಮುಖ್ಯ. ಯಾರೂ ‘ಹುಡುಗರು, ಬಿಡಿ’ ಅನ್ನಲಿಲ್ಲ. ಆ ವರ್ಷದ ಜುಲೈನಲ್ಲೇ ಲಂಡನ್ನಿನ ನ್ಯಾಯಾಲಯ ಆರೋಪಿಗಳಿಗೆ ಐದು ವರ್ಷದವರೆಗೆ ಫುಟ್‌ಬಾಲ್ ಪಂದ್ಯಗಳಿಗೆ ಕಾಲಿಡದಂತೆ ನಿಷೇಧ ಹೇರಿತು. 2017ರ ಜನವರಿಯಲ್ಲಿ ಪ್ಯಾರಿಸ್ ನ್ಯಾಯಾಲಯ ನಾಲ್ವರಿಗೆ ಅಮಾನತಿನಲ್ಲಿಟ್ಟ ಜೈಲುಶಿಕ್ಷೆ ವಿಧಿಸಿ, ಸಿಲಾಗೆ 10,000 ಯುರೊ ಪರಿಹಾರ ಕೊಡಲು ಹೇಳಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪಂದ್ಯಕ್ಕೆಂದೇ ಹೊರಟ ಬಸ್ಸು, ರೈಲಿನಲ್ಲಿ ಮದ್ಯ ಒಯ್ಯುವುದು 1985ರ ಕಾಯ್ದೆಯಿಂದಲೇ ಅಪರಾಧ. ನಿಷೇಧ ಬಿದ್ದರೆ ಗಲಾಟೆ ಮಾಡಿದವನು ತಾನು ಪ್ರೀತಿಸುವ ಆಟದಿಂದಲೇ ದೂರವಾಗುತ್ತಾನೆ. ಅಭಿಮಾನಕ್ಕೆ ಇದಕ್ಕಿಂತ ಬಿಗಿಯಾದ ಕಡಿವಾಣ ಇಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದೇನಿಲ್ಲ. ಬಸ್ಸಿನಲ್ಲಿ ಇತರರಿಗೆ ಕಿರಿಕಿರಿ ಮಾಡುವವನನ್ನು ಇಳಿಸುವ ಅಧಿಕಾರ ಕರ್ನಾಟಕ ಮೋಟಾರು ವಾಹನ ನಿಯಮಗಳು, 1989ರಲ್ಲಿ ಇದೆ. 2021ರ ನವೆಂಬರಿನಲ್ಲಿ ಹೈಕೋರ್ಟಿನ ಸೂಚನೆಯ ಮೇರೆಗೆ ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಜೋರಾಗಿ ಹಚ್ಚುವುದನ್ನು ಸಾರಿಗೆ ಸಂಸ್ಥೆ ನಿಷೇಧಿಸಿತು. ಕರ್ತವ್ಯದಲ್ಲಿರುವ ನಿರ್ವಾಹಕನ ಮೇಲೆ ಕೈಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ 79ನೇ ಕಲಂ. ಎಲ್ಲ ಕಾಗದದ ಮೇಲೆ ಭದ್ರವಾಗಿದೆ. ಆದರೆ ಹತ್ತಾರು ಹುಡುಗರ ನಡುವೆ ಒಬ್ಬಂಟಿ ಕಂಡಕ್ಟರ್, ಎಷ್ಟೋ ಬಸ್ಸುಗಳಲ್ಲಿ ಚಾಲಕ ಕಂ ನಿರ್ವಾಹಕನೊಬ್ಬನೇ, ನಿಯಮದ ಪುಸ್ತಕ ತೆಗೆದು ಓದಲು ಆಗುತ್ತದೆಯೇ? ದೂರು ಕೊಟ್ಟರೆ ಸಾಕ್ಷಿ ಹೇಳಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾದವನೂ ಅವನೇ.

ಇದಕ್ಕೊಂದು ಎದುರುವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ‘ಈ ಹುಡುಗರಿಗೆ ಊರಲ್ಲಿ ಕೆಲಸವಿಲ್ಲ, ಆಡಲು ನೆಟ್ಟನೆಯ ಮೈದಾನವಿಲ್ಲ, ಬೆಂಗಳೂರಿನವರು ಮಾಡಿದ ಸಂಭ್ರಮವನ್ನೇ ಇವರೂ ಮಾಡಿದರೆ ಇವರ ಮೇಲೆ ಮಾತ್ರ ಲಾಠಿ ಬೀಸಬೇಕೇ?’ ಮೈದಾನ ಬೇಕು, ಕೆಲಸ ಬೇಕು, ಅದಕ್ಕಾಗಿ ನಾನೂ ದನಿ ಎತ್ತುತ್ತೇನೆ. ಲಾಠಿಯನ್ನಂತೂ ಕೇಳುತ್ತಲೇ ಇಲ್ಲ. ಆದರೆ ಕೆಲಸವಿಲ್ಲದವನ ಸಿಟ್ಟು ಜ್ವರ ಬಂದ ಕೂಸಿನ ತಾಯಿಯ ಮೇಲೆ ಇಳಿಯುವುದು ಯಾವ ನ್ಯಾಯ? ಬಸ್ಸಿನಲ್ಲಿ ಕೂತವರೂ ಇಲ್ಲಿನ ಬಡವರೇ. ಕಾರಿದ್ದವರು ಆ ರಾತ್ರಿ ಬೇರೆ ದಾರಿ ಹಿಡಿದಿರುತ್ತಾರೆ.

ಜನ ಸೇರುವುದು ಈ ಸೀಮೆಗೆ ಹೊಸದೂ ಅಲ್ಲ. ಅಮರೇಶ್ವರ ಜಾತ್ರೆಗೆ, ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹಿಂದೂ ಮುಸ್ಲಿಮರೆನ್ನದೆ ಕೂಡಿ ಮಾಡುವ ಮೊಹರಂ ಅದು. ಅಲ್ಲಿ ಕುಣಿತವಿದೆ, ಹಲಗೆಯ ಅಬ್ಬರವಿದೆ, ಕುಡಿದವರೂ ಇರುತ್ತಾರೆ. ಆದರೂ ‘ಯಾರ ಮಗ ಇಂವ’ ಎಂದು ಕೇಳುವ ದೈವದವರು ಅಲ್ಲಿರುತ್ತಾರೆ, ಹೆಚ್ಚುವರಿ ಬಸ್ಸು, ಬಂದೋಬಸ್ತು ಮೊದಲೇ ಗೊತ್ತಾಗಿರುತ್ತದೆ. ಕಪ್ ಗೆದ್ದ ರಾತ್ರಿಯ ಗುಂಪಿಗೆ ಕೇಳುವವರೂ ಇಲ್ಲ, ಹೊಣೆ ಹೊರುವವರೂ ಇಲ್ಲ.

ಜನಸಂದಣಿ ವಿಧೇಯಕದ ದೊಡ್ಡ ಕೊರತೆಯೂ ಇದೇ. ಅದು ಆಯೋಜಕನನ್ನು ಹುಡುಕುತ್ತದೆ, ಅವನಿಂದ ಅನುಮತಿ ಅರ್ಜಿ ಕೇಳುತ್ತದೆ. ಬೈಕ್ ಅಡ್ಡ ನಿಲ್ಲಿಸಿ ಬಸ್ಸು ತಡೆದವನು ಯಾರ ಬಳಿ ಅರ್ಜಿ ಹಾಕಿರುತ್ತಾನೆ? ಸದನ ಸಮಿತಿಯ ಸದಸ್ಯರು ಚಿನ್ನಸ್ವಾಮಿಯ ಗೇಟಿನಾಚೆಗೂ ಒಮ್ಮೆ ನೋಡಬೇಕಿತ್ತು.

ಐಪಿಎಲ್ ಫೈನಲ್ ಯಾವ ರಾತ್ರಿ ಎಂಬುದು ವಾರಗಟ್ಟಲೆ ಮೊದಲೇ ಗೊತ್ತಿರುತ್ತದೆ. ಅಂದು ಲಿಂಗಸುಗೂರು, ಮಸ್ಕಿ, ಸಿಂಧನೂರು ಬಸ್ ನಿಲ್ದಾಣಗಳಲ್ಲಿ ಮತ್ತು ಹೆದ್ದಾರಿಯ ಮುಖ್ಯ ಕ್ರಾಸುಗಳಲ್ಲಿ ಪಂದ್ಯ ಮುಗಿಯುವ ಹೊತ್ತಿಗೆ ಪೊಲೀಸರು ನಿಂತಿರಲಿ. ರಾತ್ರಿ ಬಸ್ಸುಗಳಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಇಬ್ಬರು ಸಿಬ್ಬಂದಿಯನ್ನು ಕಳಿಸಲಿ. ಗುಂಪು ನುಗ್ಗಿದರೆ ನೇರ ಹತ್ತಿರದ ಠಾಣೆಗೆ ಬಸ್ಸು ಒಯ್ಯಿರಿ, ತಡವಾದರೆ ನಿಮ್ಮನ್ನು ಯಾರೂ ಕೇಳುವುದಿಲ್ಲ ಎಂದು ಡಿಪೊ ಮ್ಯಾನೇಜರ್ ಲಿಖಿತವಾಗಿ ಕೊಡಲಿ. ದೂರನ್ನು ಕಂಡಕ್ಟರನ ಹೆಸರಲ್ಲಿ ಬರೆಸದೆ ನಿಗಮವೇ ತನ್ನ ಹೆಸರಲ್ಲಿ ಕೊಡಲಿ. ನಾಳೆ ಅದೇ ರಸ್ತೆಗೆ ಬರಬೇಕಾದವನು ಅವನು.