ಐದು ವರ್ಷದ ಓದಿಗೆ ಇಪ್ಪತ್ತು ಹುದ್ದೆ

ಫಿಸಿಯೊಥೆರಪಿ ಪದವಿ (ಬಿಪಿಟಿ) ಪ್ರವೇಶಕ್ಕೆ ನೀಟ್ ಬೇಕೇ ಬೇಡವೇ ಎಂಬ ಜಗಳ ಜೋರಾಗಿದೆ. ನೀಟ್ ಬಂದರೆ ಗುಣಮಟ್ಟ ಏರುತ್ತದೆ ಎನ್ನುವವರು ಒಂದು ಕಡೆ, ಹಳ್ಳಿ ಮಕ್ಕಳ ದಾರಿ ಮುಚ್ಚುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡೂ ಬಣದವರ ಕಣ್ಣು ಕಾಲೇಜಿನ ಗೇಟಿನ ಮೇಲೆಯೇ ಇದೆ. ಓದು ಮುಗಿಸಿ ಹೊರಬಂದವರು ಎಲ್ಲಿ ಕೆಲಸ ಮಾಡಬೇಕು ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಫಿಸಿಯೊಥೆರಪಿ ಸೊರಗಿರುವುದು ಪ್ರವೇಶ ಪರೀಕ್ಷೆ ಇಲ್ಲದ್ದರಿಂದಲ್ಲ, ಹುದ್ದೆ ಇಲ್ಲದ್ದರಿಂದ.

2024ರಲ್ಲಿ ರೈಲ್ವೆ ನೇಮಕಾತಿ ಮಂಡಳಿ ಅರೆವೈದ್ಯಕೀಯ ಸಿಬ್ಬಂದಿಗಾಗಿ ಹೊರಡಿಸಿದ ಅಧಿಸೂಚನೆಯನ್ನೇ ನೋಡಿ. ಒಟ್ಟು 1,376 ಹುದ್ದೆಗಳು. ಫಿಸಿಯೊಥೆರಪಿಸ್ಟ್‌ಗಳ ಪಾಲಿಗೆ ಬಂದದ್ದು 20.

ಇದು ಇಡೀ ದೇಶದ ಲೆಕ್ಕ. ಆರಂಭಿಕ ಮೂಲ ವೇತನ 35,400 ರೂಪಾಯಿ. ಅರ್ಜಿ ಹಾಕಲು ಪದವಿಯೊಂದೇ ಸಾಲದು, ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವವೂ ಬೇಕು. ಅಲ್ಲಿಗೆ, 2025ರ ಹೊಸ ಪಠ್ಯಕ್ರಮದ ಪ್ರಕಾರ ಐದು ವರ್ಷ ಓದುವ ವಿದ್ಯಾರ್ಥಿ ಪಿಯುಸಿ ಮುಗಿಸಿ ಏಳು ವರ್ಷವಾದ ಮೇಲೆ ಆ ಇಪ್ಪತ್ತರ ಸಾಲಿನಲ್ಲಿ ನಿಲ್ಲಬಹುದು. ಎಂಬಿಬಿಎಸ್ ಓದಿದವರು ಐದೂವರೆ ವರ್ಷಕ್ಕೆ ಹೊರಬಂದು, ಕೇಂದ್ರ ಸೇವೆ ಸೇರಿದರೆ 56,100 ರೂಪಾಯಿ ಮೂಲ ವೇತನದಿಂದ ಶುರು ಮಾಡುತ್ತಾರೆ. ಅದೇ ರೈಲ್ವೆ ಅಧಿಸೂಚನೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಗಳು 713, ಮೂಲ ವೇತನ 44,900. ನರ್ಸ್‌ಗಳಿಗೆ ಹೆಚ್ಚು ಸಿಕ್ಕಿತೆಂಬ ತಕರಾರು ಇದಲ್ಲ. ಅವರಿಲ್ಲದೆ ವಾರ್ಡ್ ನಡೆಯದು ಎಂದು ಸರ್ಕಾರಕ್ಕೆ ಗೊತ್ತಿದೆ, ಹಾಗಾಗಿ ಹುದ್ದೆ ಮಂಜೂರಾಗಿದೆ. ಫಿಸಿಯೊಥೆರಪಿಯ ವಿಷಯದಲ್ಲಿ ಆ ತಿಳಿವಳಿಕೆ ಇನ್ನೂ ಬಂದಿಲ್ಲ.

ರೈಲ್ವೆ ಒಂದು ಇಲಾಖೆ ಮಾತ್ರ, ಅದನ್ನೇ ಹಿಡಿದು ಜಗ್ಗುವುದೇಕೆ ಎನ್ನಬಹುದು. ಸರಿ, 2010ರಲ್ಲಿ ಶುರುವಾದ ಹಿರಿಯ ನಾಗರಿಕರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ತೆಗೆದುಕೊಳ್ಳೋಣ. ಮಂಡಿ ನೋವು, ಪಾರ್ಶ್ವವಾಯು, ಬಿದ್ದು ಮುರಿದ ಸೊಂಟ, ಇವೆಲ್ಲ ಅದರ ವ್ಯಾಪ್ತಿಯವೇ. ಆದರೂ ಅದು ಜಿಲ್ಲಾಸ್ಪತ್ರೆಗೆ ಯೋಜಿಸಿದ್ದು ಒಬ್ಬ ಫಿಸಿಯೊಥೆರಪಿಸ್ಟ್ ಹುದ್ದೆಯನ್ನು. ಸಿಂಧನೂರಿನಲ್ಲಿ ಲಕ್ವ ಹೊಡೆದ ಕೂಲಿಕಾರ ತಿಂಗಳುಗಟ್ಟಲೆ ವ್ಯಾಯಾಮಕ್ಕಾಗಿ ರಾಯಚೂರಿಗೆ ಓಡಾಡಲು ಆದೀತೇ? ಅರ್ಧಕ್ಕೆ ಬಿಡುತ್ತಾನೆ, ಕೈ ಹಾಗೆಯೇ ಸೆಟೆದುಕೊಳ್ಳುತ್ತದೆ.

ಬೇಡಿಕೆಯೇ ಇಲ್ಲ ಎನ್ನುವಂತೆಯೂ ಇಲ್ಲ. ಜಗತ್ತಿನಲ್ಲಿ 240 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಪುನಶ್ಚೇತನ ಚಿಕಿತ್ಸೆಯಿಂದ ಪ್ರಯೋಜನವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗಿಗಳಿದ್ದಾರೆ, ಪದವೀಧರರಿದ್ದಾರೆ. ನಡುವೆ ಸಂಬಳ ಕೊಡುವವರಿಲ್ಲ.

ಆದರೆ 2025ರಲ್ಲಿ ದೇಶ ಚರ್ಚಿಸಿದ್ದೇನು? ಏಪ್ರಿಲ್‌ನಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಹೊಸ ಪಠ್ಯಕ್ರಮ ಬಂತು. ನಾಲ್ಕೂವರೆ ವರ್ಷದ ಕೋರ್ಸ್ ಐದಾಯಿತು, ಆರು ತಿಂಗಳ ಇಂಟರ್ನ್‌ಶಿಪ್ ಒಂದು ವರ್ಷವಾಯಿತು. ಅದನ್ನು ಬಿಟ್ಟು ಎಲ್ಲರೂ ಫಿಸಿಯೊಥೆರಪಿಸ್ಟ್‌ಗಳ ಹೆಸರಿನ ಹಿಂದಿನ ‘ಡಾ.’ ಮೇಲೆ ಬಿದ್ದರು. ಸೆಪ್ಟೆಂಬರ್ 8 ವಿಶ್ವ ಫಿಸಿಯೊಥೆರಪಿ ದಿನ. ಮರುದಿನವೇ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆ ಬಿರುದು ಬಳಸಕೂಡದೆಂದು ಪತ್ರ ಬರೆಯಿತು. 10ರಂದು ಪತ್ರ ವಾಪಸ್! ಈ ಗದ್ದಲದಲ್ಲಿ, ಹೆಚ್ಚುವರಿ ಆರು ತಿಂಗಳು ಆಸ್ಪತ್ರೆಯಲ್ಲಿ ದುಡಿಯುವ ವಿದ್ಯಾರ್ಥಿಯ ಸ್ಟೈಪೆಂಡ್ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಮೂಲೆಗೆ ಸರಿಯಿತು.

ನೀಟ್‌ನಿಂದ ಗುಣಮಟ್ಟ ಬರುತ್ತದೆ ಎಂಬ ವಾದ ನಂಬುವಂಥದ್ದಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಚಿಲ್ಲರೆ. ಒಂದೇ ಪರೀಕ್ಷೆಗೆ ಕಟ್ಟಿಹಾಕಿದರೆ ಬಿಪಿಟಿಯು ಎಂಬಿಬಿಎಸ್ ಸಿಗದವರ ಆಯ್ಕೆಯಾಗಿಯೇ ಉಳಿಯುತ್ತದೆ. ಮುಂದೆ ಭದ್ರ ಉದ್ಯೋಗ ಕಂಡರೆ ಜಾಣ ಮಕ್ಕಳು ತಾವಾಗಿಯೇ ಬರುತ್ತಾರೆ.

ರಾಜ್ಯದಲ್ಲಿ ಫಿಸಿಯೊಥೆರಪಿ ಕಾಲೇಜುಗಳಿಗೆ ಅನುಮತಿ ಕೊಡುವುದೂ ಸರ್ಕಾರವೇ, ತಾಲ್ಲೂಕು ಆಸ್ಪತ್ರೆಗೆ ಹುದ್ದೆ ಮಂಜೂರು ಮಾಡುವುದೂ ಸರ್ಕಾರವೇ. ಹೊಸ ಕಾಲೇಜಿನ ಕಡತಕ್ಕೆ ಸಹಿ ಹಾಕುವ ಮೊದಲು ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕನಿಷ್ಠ ಎರಡು ಕಾಯಂ ಹುದ್ದೆ ಸೃಷ್ಟಿಸಲಿ. ಇಂಟರ್ನ್‌ಶಿಪ್ ಒಂದು ವರ್ಷಕ್ಕೆ ಏರಿದ ಮೇಲೆ ರೈಲ್ವೆ ಕೂಡ ಎರಡು ವರ್ಷದ ಅನುಭವದ ಷರತ್ತನ್ನು ಕೈಬಿಡಲಿ. ನೀಟ್ ಚರ್ಚೆಯನ್ನು ಆಮೇಲೆ ಮಾಡಬಹುದು.